ಹೆಸರಿನಲ್ಲಿ ಅನ್ನ, ತಟ್ಟೆಯಲ್ಲಿ ರವೆ

ಕೇಸರಿಬಾತಿನಲ್ಲಿ ಬಾತ್ ಎಲ್ಲಿದೆ ಅಂತ ಯಾವತ್ತಾದರೂ ಹುಡುಕಿದ್ದೀರಾ? ಹುಡುಕಿರಲಿಕ್ಕಿಲ್ಲ ಬಿಡಿ. ತುಪ್ಪ ಜಿನುಗುವ ತಟ್ಟೆ ಮುಂದೆ ಬಂದು ಕೂತಾಗ ಶಬ್ದದ ಮೂಲ ಯಾರಿಗೆ ಬೇಕು? ಅಂಥ ಪ್ರಶ್ನೆಗಳು ಏಳುವುದೆಲ್ಲ ಹೊಟ್ಟೆ ತುಂಬಿದ ಮೇಲೆ, ಜಗಲಿಯ ಕಂಬಕ್ಕೆ ಬೆನ್ನು ಕೊಟ್ಟು, ಅಡಿಕೆ ಹೋಳನ್ನು ದವಡೆಗೆ ಒತ್ತಿಕೊಂಡಾಗ. ಈಗ ನಾವು ಹಾಗೇ ಕೂತಿದ್ದೇವೆ ಅಂತ ಇಟ್ಟುಕೊಳ್ಳಿ.

ಬಾತ್ ಅಂದರೆ ಅನ್ನ. ಮರಾಠಿಯವರೂ ಹಿಂದಿಯವರೂ ಅನ್ನಕ್ಕೆ ಭಾತ್ ಅನ್ನುತ್ತಾರೆ. ಇಬ್ಬರಿಗೂ ಅದು ಬಂದದ್ದು ಸಂಸ್ಕೃತದ ‘ಭಕ್ತ’ದಿಂದ. ಗಾಬರಿ ಬೇಡ, ಇಲ್ಲಿ ತಾಳ ತಂಬೂರಿಯ ಭಕ್ತರು ಯಾರೂ ಇಲ್ಲ. ಭಕ್ತ ಅಂದರೆ ಹಂಚಿದ್ದು, ಪಾಲಿಗೆ ಬಂದದ್ದು. ಬೇಯಿಸಿದ ಅನ್ನಕ್ಕೂ ಅದೇ ಹೆಸರಾಯಿತು. ಬಿಸಿಬೇಳೆಬಾತಿನ ಮೇಲೆ ನಮ್ಮದೇನೂ ತಕರಾರಿಲ್ಲ. ಬಿಸಿ ಇದೆ, ಬೇಳೆ ಇದೆ, ಅನ್ನವೂ ಇದೆ, ಹೆಸರಿಟ್ಟವರು ಸತ್ಯವಂತರು. ವಾಂಗಿಬಾತಿಗೂ ಮೊದಲು ಅದೇ ಮರ್ಯಾದೆ ಇತ್ತು. ಮರಾಠಿಯಲ್ಲಿ ವಾಂಗಿ ಅಂದರೆ ಬದನೆಕಾಯಿ. ಈಗ ಬೆಂಗಳೂರಿನ ದರ್ಶಿನಿಗೆ ಹೋಗಿ ನೋಡಿ, ದಪ್ಪಮೆಣಸಿನಕಾಯಿಯ ವಾಂಗಿಬಾತ್ ಸಿಗುತ್ತದೆ, ಮೆಂತ್ಯಸೊಪ್ಪಿನ ವಾಂಗಿಬಾತ್ ಸಿಗುತ್ತದೆ. ಬದನೆಯಿಲ್ಲದ ಬದನೆಯನ್ನ! ಆದರೂ ಅನ್ನವಾದರೂ ಉಳಿದಿದೆಯಲ್ಲ ಅಂತ ಸಮಾಧಾನ ಮಾಡಿಕೊಳ್ಳುವ ಹೊತ್ತಿಗೆ ಖಾರಾಬಾತ್ ಬರುತ್ತದೆ, ಅನ್ನದ ಜಾಗದಲ್ಲಿ ರವೆ ಕೂತಿರುತ್ತದೆ. ಇನ್ನು ಕೇಸರಿಬಾತ್. ಅದರಲ್ಲಿ ಬಾತೂ ಇಲ್ಲ, ಎಷ್ಟೋ ಹೋಟೆಲುಗಳಲ್ಲಿ ಕೇಸರಿಯೂ ಇಲ್ಲ. ಇರುವುದು ಕೇಸರಿಯ ಬಣ್ಣ ಮಾತ್ರ. ಹೆಸರಿನ ಎರಡು ತುಂಡೂ ಸುಳ್ಳಾಗಿ, ತಿಂಡಿ ಮಾತ್ರ ನಿಜವಾಗಿರುವ ಇಂಥ ಪವಾಡ ಇನ್ನೆಲ್ಲಿದೆ ಹೇಳಿ?

ಈ ಖಾರಾ ಮತ್ತು ಕೇಸರಿ ಒಂದೇ ತಟ್ಟೆಯಲ್ಲಿ ಅಕ್ಕಪಕ್ಕ ಕೂತರೆ ಚೌಚೌಬಾತ್. ಚೌಚೌ ಯಾವ ಭಾಷೆ? ಯೂಲ್ ಮತ್ತು ಬರ್ನೆಲ್ ಅನ್ನುವ ಇಬ್ಬರು ಬ್ರಿಟಿಷರು ಸೇರಿ ಬರೆದ ‘ಹಾಬ್ಸನ್-ಜಾಬ್ಸನ್’ ಅನ್ನುವ ದಪ್ಪನೆ ನಿಘಂಟು 1886ರಲ್ಲಿ ಹೊರಬಂತು. ಭಾರತದಲ್ಲಿದ್ದ ಬಿಳಿಯರ ಬಾಯಲ್ಲಿ ಓಡಾಡುತ್ತಿದ್ದ ದೇಶೀ ಮಾತುಗಳ ಕಣಜ ಅದು. ಅದರಲ್ಲಿ ಚೌಚೌ ಇದೆ. ಚೀನಾದ ಬಂದರುಗಳಲ್ಲಿ ವ್ಯಾಪಾರಿಗಳು ಆಡುತ್ತಿದ್ದ ಕಲಬೆರಕೆ ಇಂಗ್ಲಿಷಿನಲ್ಲಿ ಅದಕ್ಕೆ ಹತ್ತೆಂಟು ಅರ್ಥಗಳು, ಎಲ್ಲದರ ಒಳಗೂ ಬೆರಕೆ ಅನ್ನುವ ಭಾವ. ನಮ್ಮ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ‘ಕಾಲು ಕೇಜಿ ಚೌಚೌ ಕೊಡಿ’ ಅಂದರೆ ಖಾರದ ಮಿಕ್ಸ್‌ಚರ್ ಕಟ್ಟಿಕೊಡುತ್ತಾರೆ, ಅದೂ ಬೆರಕೆಯೇ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದು ತರಕಾರಿ ಗಾಡಿಯವಳ ಹತ್ತಿರ ಅದೇ ಚೌಚೌ ಕೇಳಿ, ಹಸಿರು ಬಣ್ಣದ, ಬೊಚ್ಚುಬಾಯಿ ಅಜ್ಜಿಯ ಹಾಗೆ ಮುಖ ಸುಕ್ಕು ಮಾಡಿಕೊಂಡ ಒಂದು ಕಾಯಿ ತೂಗುತ್ತಾಳೆ. ಒಂದೇ ಬೀದಿಯಲ್ಲಿ ಮೂರು ಚೌಚೌ, ಒಂದಕ್ಕೊಂದು ಸಂಬಂಧವಿಲ್ಲ. ಆದರೂ ಮಿಕ್ಸ್‌ಚರ್ ಬೇಕಿದ್ದವರು ತರಕಾರಿ ಹೊತ್ತು ಮನೆಗೆ ಹೋದದ್ದನ್ನು ಯಾರೂ ಕಂಡಿಲ್ಲ.

ಆ ಹಸಿರು ಕಾಯಿಗೆ ಕನ್ನಡದಲ್ಲಿ ಗಂಭೀರವಾದ ಹೆಸರಿದೆ: ಸೀಮೆಬದನೆ. ಅದು ಬದನೆಯ ಜಾತಿಯೇ ಅಲ್ಲ, ಸೌತೆ ಕುಂಬಳದ ನಂಟಸ್ತಿಕೆಯದು. ಹುಟ್ಟೂರು ಮೆಕ್ಸಿಕೋ ಕಡೆ. ಇಲ್ಲಿ ಬಂದಿಳಿದಾಗ ನಮ್ಮವರು ಅದನ್ನು ಮೇಲೆ ಕೆಳಗೆ ನೋಡಿ, ‘ಯಾವುದೋ ದೂರದ ಸೀಮೆಯದು, ಬದನೆ ಥರ ಹೆಚ್ಚಿ ಹುಳಿಗೆ ಹಾಕಬಹುದು’ ಅಂದುಕೊಂಡು ಹೆಸರಿಟ್ಟಿರಬೇಕು. ಈ ಸೀಮೆ ಅನ್ನುವ ಮಾತು ನಮ್ಮವರಿಗೆ ಒಂದು ರಬ್ಬರ್ ಸ್ಟಾಂಪು. ಹೊರಗಿನಿಂದ ಬಂದ ಎಣ್ಣೆ ಸೀಮೆಎಣ್ಣೆ, ಸುಣ್ಣ ಸೀಮೆಸುಣ್ಣ, ಹುಣಸೆ ಸೀಮೆಹುಣಸೆ. ಸ್ಟಾಂಪಿನ ಶಾಯಿ ಒಣಗಿದಾಗ ಇನ್ನೊಂದಿತ್ತು, ಪರಂಗಿ. ಅದು ಫಿರಂಗಿ, ಯುರೋಪಿನ ಫ್ರಾಂಕರ ಹೆಸರು ಅರಬರು ಪಾರಸಿಗಳ ಬಾಯಿ ದಾಟಿ ಬರುವಷ್ಟರಲ್ಲಿ ಬಿಳಿಯ ಚರ್ಮದವರಿಗೆಲ್ಲ ಅಂಟಿಕೊಂಡ ಹೆಸರು. ಹೀಗೆ ಅಮೆರಿಕದ ಪಪ್ಪಾಯಿ ಮೈಸೂರು ಕಡೆ ಪರಂಗಿ ಹಣ್ಣಾಯಿತು. ಬಿಳಿಯರು ಗಂಟುಮೂಟೆ ಕಟ್ಟಿ ಹೋಗಿ ಎಷ್ಟೋ ಕಾಲವಾಯಿತು, ಪರಂಗಿ ಮಾತ್ರ ಹಿತ್ತಲಲ್ಲಿ ಬಚ್ಚಲ ನೀರು ಕುಡಿದುಕೊಂಡು ಹಾಯಾಗಿದೆ.

ಅದೇ ಅಮೆರಿಕದಿಂದ ಬಂದ ಮುಸುಕಿನ ಜೋಳಕ್ಕೆ ಹೆಸರಿಟ್ಟವರಿಗೆ ಮಾತ್ರ ನಾನು ಕೈಯೆತ್ತಿ ಮುಗಿಯುತ್ತೇನೆ. ತಲೆತುಂಬ ಸೆರಗು ಹೊದ್ದು ಕೂತ ಜೋಳ ಅಂತ ಕಂಡದ್ದನ್ನೇ ಹೇಳಿದ್ದಾರೆ, ಸೀಮೆಯ ಗೊಡವೆಗೆ ಹೋಗಿಲ್ಲ. ಆಲೂಗಡ್ಡೆಗೆ ಹೆಸರಿಟ್ಟವರಿಗೆ ಅಷ್ಟು ತಾಳ್ಮೆ ಇರಲಿಲ್ಲ ಅಂತ ಕಾಣುತ್ತದೆ. ಸಂಸ್ಕೃತದಲ್ಲಿ ಆಲು, ಆಲುಕ ಅಂದರೆ ತಿನ್ನುವ ಗೆಡ್ಡೆ. ಅದಕ್ಕೆ ನಾವು ನಮ್ಮದೊಂದು ಗಡ್ಡೆ ಸೇರಿಸಿದೆವು. ಅಲ್ಲಿಗೆ ಗಡ್ಡೆಗಡ್ಡೆ ಆಯಿತು. ಕರಾವಳಿಯಲ್ಲೂ ಬೆಳಗಾವಿ ಕಡೆಯೂ ಬಟಾಟೆ, ಬಟಾಟಿ ಅನ್ನುತ್ತಾರಲ್ಲ, ಅದು ಪೋರ್ಚುಗೀಸರ ಬಟಾಟಾ. ಅದರ ಮೂಲ ಕೆರಿಬಿಯನ್ ದ್ವೀಪಗಳ ತೈನೋ ಜನರ ಮಾತು. ತಮಾಷೆ ಏನು ಗೊತ್ತೇ? ಆ ಜನ ಬಟಾಟಾ ಅನ್ನುತ್ತಿದ್ದದ್ದು ಗೆಣಸಿಗೆ! ಗೆಣಸಿನ ಹೆಸರು ಆಲೂಗಡ್ಡೆಯ ಪಾಲಾಗಿ, ಇಂಗ್ಲಿಷಿನಲ್ಲಿ ಪೊಟೇಟೊ ಆಗಿ, ಕೊನೆಗೆ ಪಾಪದ ಗೆಣಸು ತನ್ನದೇ ಹೆಸರಿನ ಹಿಂದೆ ‘ಸ್ವೀಟ್’ ಅಂತ ಬಾಲಂಗೋಚಿ ಕಟ್ಟಿಕೊಂಡು ‘ನಾನೂ ಪೊಟೇಟೊನೇ’ ಅನ್ನುವ ಹಾಗಾಯಿತು. ಆಸ್ತಿ ಕಳೆದುಕೊಂಡ ದಾಯಾದಿಯ ಕಥೆ.

ದಾಯಾದಿ ಜಗಳ ಅಂದರೆ ಮೆಣಸಿನ ಮನೆಯದನ್ನು ಕೇಳಬೇಕು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದು ಇಳಿದದ್ದರ ಹಿಂದೆ ಇದ್ದದ್ದು ನಮ್ಮ ಪಶ್ಚಿಮಘಟ್ಟದ ಕರಿಮೆಣಸಿನ ಆಸೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕರೆದದ್ದೇ ಮೆಣಸಿನ ರಾಣಿ ಅಂತ. ಮೆಣಸು ಕೊಳ್ಳಲು ಬಂದವರು ಕೈಯಲ್ಲಿ ಏನು ತಂದರು? ಅಮೆರಿಕದ ಒಂದು ಖಾರದ ಕಾಯಿ. ಅಲ್ಲಿಯವರೆಗೆ ಕನ್ನಡಿಗರ ಅಡುಗೆಯಲ್ಲಿ ಖಾರ ಅಂದರೆ ಮೆಣಸು, ಶುಂಠಿ, ಹಿಪ್ಪಲಿ ಇವೇ. ಹೊಸ ಕಾಯಿ ನಾಲಿಗೆಗೆ ಮೆಣಸಿನಂತೆ ಚುರುಗುಟ್ಟಿತು. ಸರಿ, ಮೆಣಸಿನಕಾಯಿ. ಬಾಡಿಗೆಗೆ ಅಂತ ಒಳಗೆ ಬಂದದ್ದು ಮನೆಯ ಯಜಮಾನಿಕೆಯನ್ನೇ ಹಿಡಿಯಿತು. ಇವತ್ತು ಮಂಗಳೂರು ಕಡೆ ಬರೀ ‘ಮೆಣಸು’ ಅಂದರೆ ಕೆಂಪು ಒಣಮೆಣಸಿನಕಾಯಿ. ಅಸಲಿ ಮೆಣಸು ಬೇಕಿದ್ದರೆ ‘ಒಳ್ಳೆ ಮೆಣಸು’ ಅಂತ ಬಿಡಿಸಿ ಕೇಳಬೇಕು. ಒಳ್ಳೆಯದು ಅಂತ ಒಂದಕ್ಕೆ ಹೆಸರಿಟ್ಟ ಮೇಲೆ ಇನ್ನೊಂದು ಎಂಥದ್ದು ಅಂತ ಯಾರೂ ಬಾಯಿಬಿಟ್ಟು ಹೇಳಿಲ್ಲ. ಬ್ಯಾಡಗಿಯವರು ಕೇಳಿಸಿಕೊಂಡಾರು, ನಾನೂ ಹೇಳುವುದಿಲ್ಲ.

ನಮ್ಮವರನ್ನು ಮಾತ್ರ ನೋಡಿ ನಗಬೇಡಿ. ಉತ್ತರದವರ ಮಿರ್ಚಿಯೂ ಮೊದಲು ಸಂಸ್ಕೃತದ ಮರೀಚ, ಅಂದರೆ ಕರಿಮೆಣಸೇ. ಸ್ಪೇನಿನವರು ಮೆಣಸಿಗೆ ಪಿಮಿಯೆಂತಾ, ಮೆಣಸಿನಕಾಯಿಗೆ ಪಿಮಿಯೆಂತೋ ಅಂತ ತುದಿಯ ಒಂದಕ್ಷರ ತಿರುವಿ ಕೈತೊಳೆದುಕೊಂಡರು. ಇಂಗ್ಲಿಷರಿಗೆ ಎರಡೂ ಪೆಪ್ಪರ್. ಆ ಪೆಪ್ಪರಿನ ಬೇರು ಹಿಡಿದು ಎಳೆದರೆ ಲ್ಯಾಟಿನ್ ದಾಟಿ, ಗ್ರೀಕ್ ದಾಟಿ ಬಂದು ನಿಲ್ಲುವುದು ಪಿಪ್ಪಲಿಯ ಹತ್ತಿರ. ನಮ್ಮ ಗಂಧಿಗೆ ಅಂಗಡಿಯ ಹಿಪ್ಪಲಿ! ಅಂದರೆ ಹಿಪ್ಪಲಿಯ ಹೆಸರು ಮೆಣಸಿಗೆ ಹೋಯಿತು, ಮೆಣಸಿನ ಹೆಸರು ಮೆಣಸಿನಕಾಯಿಗೆ ಹೋಯಿತು, ಹಿಪ್ಪಲಿ ಮಾತ್ರ ಈಗ ಕೆಮ್ಮಿನ ಕಷಾಯಕ್ಕೆ ನೆನಪಾಗುತ್ತದೆ. ಊರ ಗೌಡಿಕೆ ಮಾಡಿದವರ ಮನೆ ಮೊಮ್ಮಗ ಪೇಟೆಯಲ್ಲಿ ಗುಮಾಸ್ತನಾದ ಹಾಗೆ ಅಂತ ಒಂದು ಉಪಮೆ ನಾಲಿಗೆಯ ತುದಿಗೆ ಬಂದಿದೆ, ಆದರೆ ಬೊಚ್ಚುಬಾಯಿ ಅಜ್ಜಿಯ ಉಪಮೆಯೇ ಈ ಹೊತ್ತಿಗೆ ಸಾಕು.

ಪಿಪ್ಪಲಿ ಹಿಪ್ಪಲಿ ಆದದ್ದು ಕಂಡಿರಲ್ಲ? ಹಳಗನ್ನಡದ ಪಕಾರವೆಲ್ಲ ಹಕಾರವಾದ ಕಾಲದ ಕೆಲಸ ಅದು. ಪಾಲು ಹಾಲಾಯಿತು, ಪಣ್ಣು ಹಣ್ಣಾಯಿತು, ಪುಳಿ ಹುಳಿಯಾಯಿತು, ಹೋಳಿಗೆಯ ಹೊಟ್ಟೆಯೊಳಗಿನ ಪೂರಣವೂ ಹೂರಣವಾಯಿತು. ಒಂದೇ ಒಂದು ತಿಂಡಿ ಮಾತ್ರ ಜಗ್ಗಲಿಲ್ಲ, ಪುಳಿಯೋಗರೆ. ಪುಳಿ ಅಂದರೆ ಹುಳಿ, ಓಗರ ಅಂದರೆ ಅನ್ನ. ಮೇಲುಕೋಟೆಯ ಅಯ್ಯಂಗಾರರ ಬೆನ್ನಿಗೆ ನಿಂತು, ತಮಿಳಿನ ಬಲವನ್ನೂ ಇಟ್ಟುಕೊಂಡು, ಅದು ಪಕಾರವನ್ನು ಭದ್ರವಾಗಿ ಹಿಡಿದಿದೆ. ಅದನ್ನು ತಿದ್ದಿ ‘ಹುಳಿಯೋಗರೆ’ ಅಂತ ಬೋರ್ಡು ಬರೆಸಿ ನೋಡಿ, ಪಕ್ಕದ ಹೋಟೆಲಿನವನಿಗೆ ವ್ಯಾಪಾರ ಜೋರಾಗುತ್ತದೆ.

ಎಲ್ಲಿಂದ ಎಲ್ಲಿಗೆ ಬಂದೆವು? ಹಾಂ, ಮೆಣಸು. ಮೆಣಸಿನಿಂದ ಇಡ್ಲಿಗೆ ಒಂದು ದಾರಿ ಇದೆ, ಬನ್ನಿ. ಸುಮಾರು 920ರ ಹೊತ್ತಿನ ‘ವಡ್ಡಾರಾಧನೆ’ಯಲ್ಲಿ ಶಿವಕೋಟ್ಯಾಚಾರ್ಯರು ‘ಇಡ್ಡಲಿಗೆ’ಯ ಹೆಸರು ಹೇಳುತ್ತಾರೆ. ಇಡ್ಲಿ ನಮ್ಮದು ಅಂತ ತಮಿಳರ ಜೊತೆ ವಾದಕ್ಕೆ ನಿಂತಾಗ ನಾವು ಮೊದಲು ಝಳಪಿಸುವುದು ಇದೇ ಕತ್ತಿಯನ್ನು. ಆದರೆ ಕತ್ತಿಯ ಇನ್ನೊಂದು ಅಲಗು ನೋಡಿದ್ದೀರಾ? ಅದಾಗಿ ನೂರು ವರ್ಷಕ್ಕೆ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯ ‘ಲೋಕೋಪಕಾರ’ದಲ್ಲಿ ಮಾಡುವ ಕ್ರಮ ಹೇಳುತ್ತಾನೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ಅರೆದು, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಬೆರೆಸುವುದು. ಅಕ್ಕಿಯ ಸುದ್ದಿಯೇ ಇಲ್ಲ! ಹನ್ನೆರಡನೆಯ ಶತಮಾನದ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದ ಇಡ್ಡರಿಕವೂ ಉದ್ದಿನದೇ. ಅಕ್ಕಿ ಬೆರೆಸಿ, ರಾತ್ರಿಯಿಡೀ ಹುಳಿ ಬರಿಸಿ, ಹಬೆಯಲ್ಲಿ ಬೇಯಿಸುವ ಮೂರೂ ಕೆಲಸ ಆ ಹಳೆಯ ಗ್ರಂಥಗಳಲ್ಲಿ ಕಾಣುವುದಿಲ್ಲ ಅಂತ ಆಹಾರದ ಇತಿಹಾಸ ಬರೆದ ಕೆ.ಟಿ. ಅಚ್ಚಯ್ಯನವರು ಬೊಟ್ಟು ಮಾಡಿ ತೋರಿಸಿದರು. ಅಂದರೆ ಶಿವಕೋಟ್ಯಾಚಾರ್ಯರನ್ನು ಇವತ್ತು ಒಂದು ದರ್ಶಿನಿಗೆ ಕರೆದುಕೊಂಡು ಹೋಗಿ ಎರಡು ಇಡ್ಲಿ ಮುಂದಿಟ್ಟರೆ, ‘ಇದೇನು?’ ಅಂತ ಅವರು ನಮ್ಮನ್ನೇ ಕೇಳಬಹುದು.

ಅಕ್ಕಿಯಿಲ್ಲದೆ ಹುಟ್ಟಿದ ಇಡ್ಡಲಿಗೆ ಯಾವಾಗಲೋ ಅಕ್ಕಿಯ ಕೈಹಿಡಿದು ಇಡ್ಲಿಯಾಯಿತಲ್ಲ, ಆಮೇಲೆ ಎರಡನೇ ಮಹಾಯುದ್ಧ ಬಂತು. ಅಕ್ಕಿಗೆ ಬರ. ಆಗ ರವೆಗೆ ಮೊಸರು ಕಲಸಿ ಇಡ್ಲಿ ಪಾತ್ರೆಗೆ ಹೊಯ್ದದ್ದು ತಾವೇ ಅಂತ ಬೆಂಗಳೂರಿನ ಎಂಟಿಆರ್‌ನವರು ಹೇಳುತ್ತಾರೆ. ಅದು ರವೆಇಡ್ಲಿ: ಅಕ್ಕಿಯೂ ಇಲ್ಲ, ಈ ಸಲ ಉದ್ದೂ ಇಲ್ಲ. ಇಡ್ಲಿ ಅನ್ನುವುದು ಹಿಟ್ಟಿನ ಹೆಸರೋ ತಟ್ಟೆಯ ಗುಳಿಯ ಹೆಸರೋ ನೀವೇ ತೀರ್ಮಾನ ಮಾಡಿ. ಗುಳಿಯದು ಅಂದಿರೋ, ಕರಾವಳಿಯವರು ಭೇಷ್ ಅನ್ನುತ್ತಾರೆ. ಅವರು ಅದೇ ಇಡ್ಲಿ ಹಿಟ್ಟನ್ನು ಹಲಸಿನೆಲೆಯ ಕೊಟ್ಟೆಗೆ ಹೊಯ್ದು ಕೊಟ್ಟೆಕಡುಬು ಅನ್ನುತ್ತಾರೆ, ಮುಂಡೇವಿನ ಓಲೆಯ ಸುರುಳಿಗೆ ಹೊಯ್ದು ಮೂಡೆ ಅನ್ನುತ್ತಾರೆ. ಅಂಗಿ ಬದಲಾದರೆ ಹೆಸರೂ ಬದಲು.

ರವೆಯ ಮಾತು ಬಂದ ಮೇಲೆ ಸಜ್ಜಿಗೆಯ ಕಥೆ ಹೇಳದೆ ಮುಂದೆ ಹೋಗಲಿಕ್ಕೆ ಆಗುವುದಿಲ್ಲ. ಮೈಸೂರು ಕಡೆಯ ಒಂದು ಮನೆಗೆ ಉಡುಪಿ ಕಡೆಯ ಸೊಸೆ ಬಂದಳು. ಬಂದ ತಿಂಗಳಿಗೇ ಸತ್ಯನಾರಾಯಣ ಪೂಜೆ. ‘ನೈವೇದ್ಯಕ್ಕೆ ಸಜ್ಜಿಗೆ ನೀನೇ ಮಾಡಿಬಿಡಮ್ಮ’ ಅಂದರು ಅತ್ತೆ, ಪ್ರೀತಿಯಿಂದಲೇ. ಸೊಸೆ ಮಡಿಯುಟ್ಟು, ಮುತುವರ್ಜಿಯಿಂದ ಮಾಡಿ ತಂದಿಟ್ಟಳು. ಮುಚ್ಚಳ ತೆಗೆದರೆ ಸಾಸಿವೆ, ಕರಿಬೇವು, ಹಸಿಮೆಣಸಿನಕಾಯಿ! ‘ಏನಮ್ಮಾ ಇದು, ಒಗ್ಗರಣೆ ಹಾಕಿದ್ದೀಯಲ್ಲ!’ ‘ಒಗ್ಗರಣೆ ಇಲ್ಲದೆ ಸಜ್ಜಿಗೆ ಆಗ್ತದಾ ಅತ್ತೆ?’ ಇಬ್ಬರೂ ಸರಿ. ಕರಾವಳಿಯಲ್ಲಿ ಸಜ್ಜಿಗೆ ಅಂದರೆ ಉಪ್ಪಿಟ್ಟು. ಖಾರದ ಅವಲಕ್ಕಿಯ ಜೊತೆ ಬೆರೆಸಿದರೆ ಸಜ್ಜಿಗೆ ಬಜಿಲ್, ಮಂಗಳೂರಿನವರ ಬೆಳಗಿನ ಸುಖ. ಮೈಸೂರಿನಲ್ಲಿ ಸಜ್ಜಿಗೆ ಅಂದರೆ ಸಕ್ಕರೆ, ತುಪ್ಪ, ಹಾಲು, ಬಾಳೆಹಣ್ಣು ಬಿದ್ದ ಸಿಹಿ. ಪುರೋಹಿತರು ಅದಕ್ಕೆ ಸಪಾದ ಭಕ್ಷ್ಯ ಅನ್ನುತ್ತಾರೆ. ಪಾದ ಅಂದರೆ ಕಾಲುಭಾಗ. ಸಪಾದ ಅಂದರೆ ಕಾಲು ಸಮೇತ ಒಂದು, ಒಂದೂಕಾಲು. ಎಲ್ಲವೂ ಒಂದೂಕಾಲಿನ ಅಳತೆ ಅಂತ ಹೆಸರಿನಲ್ಲೇ ಲೆಕ್ಕ ಬರೆದಿಟ್ಟ ತಿಂಡಿ. ಆವತ್ತು ಮಾವನವರೇ ರಾಜಿ ಮಾಡಿಸಿದರಂತೆ: ‘ದೇವರಿಗೆ ಸಿಹಿ ಆಮೇಲೆ ಮಾಡೋಣ, ಈಗ ನಮ್ಮ ತಿಂಡಿ ಆಗಿಹೋಯಿತಲ್ಲ, ಬಡಿಸಮ್ಮ.’

ಪೂಜೆಯ ಹಿಂದೆಯೇ ಉಪವಾಸ ಬರುತ್ತದೆ. ಉಪವಾಸ ಅಂದರೆ ಊಟ ಬಿಡುವುದು ಅಂತ ಆ ಶಬ್ದದ ಯಾವ ತುಂಡಿನಲ್ಲೂ ಇಲ್ಲ. ಉಪ ಅಂದರೆ ಹತ್ತಿರ, ವಾಸ ಅಂದರೆ ಇರುವುದು, ದೇವರ ಹತ್ತಿರ ಇರುವುದು. ಅಡುಗೆಮನೆಯ ಹತ್ತಿರ ಇರಬಾರದು ಅಂತ ಎಲ್ಲೂ ಹೇಳಿಲ್ಲವಾದ್ದರಿಂದ ನಮ್ಮವರು ಫಲಾಹಾರ ಕಂಡುಕೊಂಡರು. ಫಲದ ಆಹಾರ, ಬರೀ ಹಣ್ಣು. ಬಾಯಿಂದ ಬಾಯಿಗೆ ಸವೆದು ಅದು ಫಳಾರವಾಗುವ ಹೊತ್ತಿಗೆ ಹಣ್ಣು ಹಿಂದೆ ಸರಿದು ಅವಲಕ್ಕಿ ಬಂತು, ಉಪ್ಪಿಟ್ಟು ಬಂತು, ನಡುವೆ ಚಟ್ನಿಯೂ ಬಂತು. ‘ರಾತ್ರಿ ಊಟ ಇಲ್ಲ, ಬರೀ ಫಳಾರ’ ಅನ್ನುವವರ ತಟ್ಟೆಯನ್ನು ಒಮ್ಮೆ ನೋಡಬೇಕು, ಊಟ ಮಾಡಿದವರಿಗೆ ಹೊಟ್ಟೆಕಿಚ್ಚಾಗುತ್ತದೆ.

ಇದಕ್ಕೆ ತಿರುಗಾಮುರುಗಾ ಹುಬ್ಬಳ್ಳಿಯವರ ನಾಷ್ಟಾ. ಪಾರಸಿಯಲ್ಲಿ ನಾಷ್ಟಾ ಅಂದರೆ ಬೆಳಗಿನಿಂದ ಏನೂ ತಿನ್ನದೆ ಇರುವುದು. ಅಂದರೆ ‘ನಾಷ್ಟಾ ಆತೇನ್ರೀ?’ ಅಂತ ಕೇಳಿದವರಿಗೆ ಪಾರಸಿ ಪಂಡಿತನೊಬ್ಬ ‘ಹೌದ್ರೀ, ಹೊಟ್ಟಿ ಖಾಲಿ ಐತಿ’ ಅಂದರೆ ಅವನದೇನೂ ತಪ್ಪಿಲ್ಲ. ಇಂಗ್ಲಿಷರ ಬ್ರೇಕ್‌ಫಾಸ್ಟ್ ಉಪವಾಸ ಮುರಿಯುವುದು, ಅದು ನಿಮಗೆ ಗೊತ್ತಿದ್ದದ್ದೇ. ಅವರ ಡಿನ್ನರಿನ ಬೇರು ಲ್ಯಾಟಿನ್ನಿನವರೆಗೆ ಹೋದರೆ ಅದೂ ಉಪವಾಸ ಮುರಿಯುವುದೇ! ಬೆಳಿಗ್ಗೆ ಮುರಿದದ್ದನ್ನು ರಾತ್ರಿ ಮತ್ತೆ ಮುರಿಯುತ್ತಾರೆ. ಕನ್ನಡದಲ್ಲಿ ಇಂಥ ರಗಳೆಯಿಲ್ಲ. ತಿನ್ನುವುದು ತಿಂಡಿ, ಉಣ್ಣುವುದು ಊಟ. ಹಲ್ಲಿಗೆ ಕೆಲಸ ಕೊಟ್ಟದ್ದಕ್ಕೊಂದು, ಎಲೆಯ ಮುಂದೆ ಕೂತು ಕಲಸಿದ್ದಕ್ಕೊಂದು ಕ್ರಿಯಾಪದ. ‘ಚಿತ್ರಾನ್ನ ತಿಂದೆ’ ಅನ್ನಬಹುದು, ‘ಅನ್ನ ಸಾರು ತಿಂದೆ’ ಅಂದರೆ ಅಜ್ಜಿಯಂದಿರು ತಿರುಗಿ ನೋಡುತ್ತಾರೆ.

ತಿಂಡಿಯಾದ ಮೇಲೆ ಕುಡಿಯಲು ಏನು? ಇಲ್ಲಿ ಕರ್ನಾಟಕ ಎರಡು ಹೋಳು. ಧಾರವಾಡದಲ್ಲಿ ಚಹಾ, ಮಂಗಳೂರಿನಲ್ಲಿ ಚಾ, ಮೈಸೂರು ಬೆಂಗಳೂರಿನಲ್ಲಿ ಟೀ. ಚೀನಾದ ಒಂದೇ ಎಲೆಗೆ ಅಲ್ಲಿಯೇ ಎರಡು ಉಚ್ಚಾರ. ಫೂಜಿಯಾನ್ ಕರಾವಳಿಯ ಮಾತಿನಲ್ಲಿ ‘ತೆ’. ಡಚ್ಚರು ಅದನ್ನು ಹಡಗಿನಲ್ಲಿ ಯುರೋಪಿಗೆ ಒಯ್ದರು, ಇಂಗ್ಲಿಷರ ಟೀ ಆಯಿತು. ಒಳನಾಡಿನಲ್ಲೂ ಮಕಾವ್‌ನಲ್ಲೂ ‘ಚಾ’; ಅದು ಪೋರ್ಚುಗೀಸರ ಬಾಯಿಗೂ ಬಂತು, ನೆಲದ ದಾರಿ ಹಿಡಿದು ಪಾರಸಿಗಳ ಬಾಯಿಗೂ ಬಂತು. ಇಂಗ್ಲಿಷಿನಿಂದ ಬಂದ ಮಾತು ಮೈಸೂರಿನಲ್ಲಿ ಕೂತಿತು, ಮರಾಠಿ ಮುಂಬಯಿಯ ಕಡೆಯಿಂದ ಬಂದದ್ದು ಧಾರವಾಡದಲ್ಲಿ. ಅರಸೀಕೆರೆ ದಾಟಿ ರೈಲು ಉತ್ತರಕ್ಕೆ ಹೋಗುತ್ತಾ ಇದ್ದರೆ ಪ್ಲಾಟ್‌ಫಾರಮ್ಮಿನ ಕೂಗು ಎಲ್ಲಿ ಬದಲಾಗುತ್ತದೆ ಅಂತ ಕಿವಿಗೊಟ್ಟು ಕೂರಿ, ಒಳ್ಳೆ ಕಾಲಕ್ಷೇಪ.

ಕಾಫಿಯದು ಬೇರೆಯೇ ಚರಿತ್ರೆ. ಬಾಬಾಬುಡನ್ ಮೋಕಾದಿಂದ ಏಳು ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರು ಅನ್ನುವ ಐತಿಹ್ಯ ಚಿಕ್ಕಮಗಳೂರಿನ ಮಕ್ಕಳಿಗೂ ಗೊತ್ತು. ಹೆಸರು ಬಂದದ್ದು ಅರಬ್ಬಿಯ ‘ಕಹ್ವಾ’ದಿಂದ. ಆ ಕಹ್ವಾ ಕಾಫಿಗಿಂತ ಮೊದಲು ಯಾರ ಹೆಸರಾಗಿತ್ತು ಅಂತೀರಿ? ದ್ರಾಕ್ಷಾರಸದ್ದು, ಮದ್ಯದ್ದು! ಮದ್ಯದ ಹೆಸರು ಹೊತ್ತ ಪೇಯವನ್ನು ಸೂಫಿಗಳು ರಾತ್ರಿಯ ಧ್ಯಾನಕ್ಕೆ ಎಚ್ಚರವಿರಲಿ ಅಂತ ಕುಡಿದರು, ನಮ್ಮ ಮಡಿವಂತರು ಸ್ನಾನ ಸಂಧ್ಯಾವಂದನೆಗೂ ಮೊದಲೇ ಕುಡಿದರು. ‘ಕಾಫಿಗೆ ಮೈಲಿಗೆಯಿಲ್ಲ’ ಅನ್ನುವ ಶಾಸ್ತ್ರವಾಕ್ಯ ಯಾವ ಸ್ಮೃತಿಯಲ್ಲಿದೆಯೋ, ಎಲ್ಲ ಮನೆಯಲ್ಲೂ ಪಾಲನೆಯಾಗುತ್ತಿತ್ತು. ಬೆಂಗಳೂರಿಗರು ಇದಕ್ಕೆ ಗಣಿತವನ್ನೂ ಸೇರಿಸಿದರು: ಬೈ ಟು ಕಾಫಿ. ಒಂದನ್ನು ಎರಡರಿಂದ ಭಾಗಿಸಿದರೆ ಶಾಲೆಯಲ್ಲಿ ಅರ್ಧ ಬರುತ್ತದೆ, ಹೋಟೆಲಿನಲ್ಲಿ ಎರಡು ಲೋಟ ಬರುತ್ತದೆ, ಶೇಷವಾಗಿ ಒಂದು ಗಂಟೆಯ ಹರಟೆ ಉಳಿಯುತ್ತದೆ.

ಇಷ್ಟು ಹೊತ್ತು ಹೇಳಿದ್ದೆಲ್ಲ ಪದಾರ್ಥ ಎದ್ದುಹೋಗಿ ಹೆಸರು ಉಳಿದ ಕಥೆ. ಹೆಸರೇ ಕೆಟ್ಟುಹೋಗುವುದೂ ಉಂಟು. ಕೂಳು ಅಂದರೆ ಹಿಂದೆ ಮರ್ಯಾದಸ್ಥ ಅನ್ನ, ಬೈಗುಳವೇನಲ್ಲ. ಇವತ್ತು ನೆಂಟರಿಗೆ ‘ಕೂಳು ತಿನ್ನಿ ಬನ್ನಿ’ ಅಂದು ನೋಡಿ, ಮುಂದಿನ ಹಬ್ಬಕ್ಕೆ ಅವರು ಬಂದರೆ ಹೇಳಿ. ಸಂಸ್ಕೃತದ ‘ಅನ್ನ’ ಬಂದು ಆ ಮಣೆಯ ಮೇಲೆ ಕೂತಿತು. ಅನ್ನದ ಮೂಲಾರ್ಥ ತಿಂದದ್ದು, ಅಷ್ಟೇ. ಅಕ್ಕಿಯೇ ಆಗಬೇಕು ಅಂತಿಲ್ಲ. ಹಾಗೆ ನೋಡಿದರೆ ರಾಗಿಮುದ್ದೆಯೂ ಅನ್ನ, ಜೋಳದ ರೊಟ್ಟಿಯೂ ಅನ್ನ.

ತಿಂಡಿ ಹಾಗೇ ಇದ್ದು ಹೆಸರಷ್ಟೇ ಬದಲಾದ ಪ್ರಸಂಗವೂ ಈಚೆಗೆ ನಡೆಯಿತು. 2025ರ ಮೇ ತಿಂಗಳಲ್ಲಿ, ಭಾರತ ಪಾಕಿಸ್ತಾನದ ಗಡಿ ಕಾದಿದ್ದಾಗ, ಜೈಪುರದ ಕೆಲವು ಮಿಠಾಯಿ ಅಂಗಡಿಯವರು ಮೈಸೂರ್ ಪಾಕಿನ ‘ಪಾಕ್’ ಕಿತ್ತುಹಾಕಿ ‘ಮೈಸೂರ್ ಶ್ರೀ’ ಅಂತ ಮಾಡಿದರು. ಪಾಕಿಸ್ತಾನದ ಪಾಕ್ ಪಾರಸಿಯದು, ಪವಿತ್ರ ಅಂತ ಅರ್ಥ. ನಮ್ಮ ಪಾಕ ಬೇಯಿಸುವುದಕ್ಕೆ ಸಂಬಂಧಿಸಿದ್ದು. ನಳಪಾಕದ ಪಾಕ, ಪಾಕಶಾಲೆಯ ಪಾಕ, ಬಾಣಲೆಯ ಮುಂದೆ ನಿಂತ ಬಾಣಸಿಗರು ಬೆರಳ ನಡುವೆ ಎಳೆದು ನೋಡುವ ಒಂದೆಳೆ ಪಾಕ. ನಾಲ್ವಡಿ ಕೃಷ್ಣರಾಜ ಒಡೆಯರ ಅರಮನೆಯಲ್ಲಿ ಕಾಕಾಸುರ ಮಾದಪ್ಪನವರು ಕಡಲೆಹಿಟ್ಟು, ತುಪ್ಪ, ಸಕ್ಕರೆ ಕೂಡಿಸಿ ಇದನ್ನು ಮಾಡಿ ಬಡಿಸಿದಾಗ, ಹೆಸರೇನು ಅಂತ ದೊರೆಗಳು ಕೇಳಿದ್ದಕ್ಕೆ ಅವರ ಬಾಯಿಗೆ ಬಂದದ್ದು ಮೈಸೂರು ಪಾಕ ಅಂತ ಕಥೆ. ಜೈಪುರದ ಸುದ್ದಿ ಕೇಳಿದ ಮೈಸೂರಿನವರು ಸಿಟ್ಟಾದರೋ ನಕ್ಕರೋ, ದೇವರಾಜ ಮಾರುಕಟ್ಟೆಯ ಸುತ್ತಮುತ್ತ ತುಪ್ಪದ ವಾಸನೆ ಮಾತ್ರ ಒಂದು ದಿನವೂ ಕಡಿಮೆಯಾಗಲಿಲ್ಲ.

ನಿಮ್ಮ ಮನೆಯಲ್ಲಿ ಊಟಕ್ಕೆ ಹೇಗೆ ಕರೆಯುತ್ತಾರೆ? ನಮ್ಮಲ್ಲಿ ‘ಎಲೆ ಹಾಕಿದೆ, ಏಳಿ’ ಅನ್ನುತ್ತಾರೆ. ಒಳಗೆ ಹೋದರೆ ಸ್ಟೀಲಿನ ತಟ್ಟೆ ಇರುತ್ತದೆ. ಎಲೆ ಎಲ್ಲಿ ಅಂತ ಕೇಳುವ ಧೈರ್ಯ ನಮಗಂತೂ ಇಲ್ಲ. ಶಬ್ದಾರ್ಥದ ಬಗ್ಗೆ ತಕರಾರಿದ್ದವರು ಬಡಿಸಿ ಮುಗಿಯುವವರೆಗಾದರೂ ಬಾಯಿ ಮುಚ್ಚಿಕೊಂಡಿರುವುದು ಒಳ್ಳೆಯದು. ಎರಡನೇ ಸಲ ಸಾರು ಬಂದ ಮೇಲೆ ಬೇಕಾದರೆ ಮಾತು ತೆಗೆಯಿರಿ, ಸಾರು ಮತ್ತು ಹುಳಿ ಬೇರೆ ಬೇರೆಯೋ ಒಂದೇಯೋ ಅಂತ.